ಮಾದರಿ ವಿಮಾನದ ಬಟ್ಟೆ ಹೊದಿಕೆ: ದೂಳು, ಎಣ್ಣೆ, ಬಿಸಿಲಿನಿಂದ ಕಾಪಾಡುವ ಬಗೆ

ಗುಂಡ್ಲುಪೇಟೆ ಸುತ್ತಿನ ಕೊಯ್ಲಾದ ಹೊಲಗಳಲ್ಲಿ ಮಾದರಿ ವಿಮಾನ ಹಾರಿಸಿ ಇಳಿಸಿದರೆ ರೆಕ್ಕೆಯ ಅಡಿಭಾಗ ಕೆಂಪಾಗದೆ ಮನೆಗೆ ಬರುವುದಿಲ್ಲ. ಆ ದೂಳು ಕಂಡೊಡನೆ ಕೈ ತಾನಾಗಿ ಒದ್ದೆ ಬಟ್ಟೆಯ ಕಡೆಗೆ ಹೋಗುತ್ತದೆ. ಅದನ್ನು ತಡೆಯಬೇಕು. ಈ ಮಣ್ಣಿನಲ್ಲಿ ನುಣ್ಣನೆಯ ಮರಳಿನ ಹರಳುಗಳಿರುತ್ತವೆ. ನೀರು ಸೋಕಿದರೆ ಮಣ್ಣು ಕೆಸರಾಗಿ ನೇಯ್ಗೆಯ ಸಂದಿಗೆ ಇಳಿಯುತ್ತದೆ, ಒರೆಸಿದಷ್ಟೂ ಹರಳುಗಳು ಮೇಲಿನ ಲೇಪವನ್ನು ಗೀಚುತ್ತವೆ. ಗೀಚಿದ ಜಾಗದಲ್ಲಿ ಮುಂದಿನ ಸಲ ಎಣ್ಣೆ ಒಳಗಿಳಿಯುತ್ತದೆ. ಆದ್ದರಿಂದ ಮೊದಲು ಒಣ ಬ್ರಷ್, ನೀರು ಆಮೇಲೆ.

ಹೊದಿಕೆಯನ್ನು ಹಲವರು ಬಣ್ಣದ ಸಾಲಿಗೆ ಸೇರಿಸಿ ನೋಡುತ್ತಾರೆ, ನೋಟಕ್ಕೆ ಚೆನ್ನಾಗಿದ್ದರೆ ಸಾಕು ಎಂದುಕೊಳ್ಳುತ್ತಾರೆ. ಬಾಲ್ಸಾ ಮರದ ಪಕ್ಕೆಗಳನ್ನು ಜೋಡಿಸಿ ಮಾಡಿದ ರೆಕ್ಕೆಯನ್ನು ಹೊದಿಕೆ ಹಾಕುವ ಮೊದಲು ಎರಡೂ ತುದಿ ಹಿಡಿದು ಮೆಲ್ಲಗೆ ತಿರುಚಿ ನೋಡಿ, ಸಲೀಸಾಗಿ ತಿರುಚಿಕೊಳ್ಳುತ್ತದೆ. ಬಟ್ಟೆ ಹೊದಿಸಿ ಬಿಗಿ ಮಾಡಿದ ಮೇಲೆ ಅದೇ ರೆಕ್ಕೆ ಜಗ್ಗುವುದಿಲ್ಲ. ತಿರುಚುವ ಬಲವನ್ನು ತಡೆಯುವ ಕೆಲಸದಲ್ಲಿ ದೊಡ್ಡ ಪಾಲು ಹೊದಿಕೆಯದೇ. ಹರಿದ, ಸಡಿಲವಾದ, ಎಣ್ಣೆ ಕುಡಿದ ಹೊದಿಕೆ ಎಂದರೆ ರೆಕ್ಕೆಯ ಬಲವೇ ಕುಗ್ಗಿದೆ ಎಂದರ್ಥ. ಈ ಲೇಖನದಲ್ಲಿ ಶುಚಿ ಮಾಡುವ ಬಗ್ಗೆ ಹೇಳಿದ್ದೆಲ್ಲವನ್ನೂ ಈ ಲೆಕ್ಕದಲ್ಲೇ ಓದಿಕೊಳ್ಳಬೇಕು.

ದೊಡ್ಡ ವಿಮಾನಗಳೂ ಇದೇ ದಾರಿಯಲ್ಲಿ ಬಂದವು. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ರೆಕ್ಕೆಗೆ ಹತ್ತಿಯ ಮಸ್ಲಿನ್ ಬಟ್ಟೆ ಹೊದಿಸಿದ್ದರು. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್ ಬಟ್ಟೆ ಹೊದಿಕೆಯದೇ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಹಾರಲು ಕಲಿತದ್ದು ಅದರಲ್ಲಿ. ಆ ಕಾಲದ ವಿಮಾನಗಳಿಗೆ ಬಳಸುತ್ತಿದ್ದ ಎ ದರ್ಜೆಯ ಹತ್ತಿ ಬಟ್ಟೆಗೆ ಹೊಸದರಲ್ಲಿ ಅಂಗುಲ ಅಗಲಕ್ಕೆ 80 ಪೌಂಡ್ ಎಳೆತ ತಡೆಯುವ ಬಲ ಇರಬೇಕಿತ್ತು, ಅದು 56 ಪೌಂಡಿಗಿಂತ ಕೆಳಗಿಳಿದರೆ ಬಟ್ಟೆ ಬದಲಿಸಬೇಕಿತ್ತು. ಬಟ್ಟೆಯ ಮೇಲೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿ ಬಣ್ಣದ ಲೇಪ ಕೊಡುತ್ತಿದ್ದರು. ಬಿಸಿಲಿನ ನೇರಳಾತೀತ ಕಿರಣ ದಾರವನ್ನು ತಿನ್ನದಂತೆ ತಡೆಯುವುದು ಆ ಪುಡಿಯ ಕೆಲಸ. ಮನೆಯ ಮೇಜಿನ ಮೇಲೆ ಕಟ್ಟುವ ನಾಲ್ಕಡಿ ರೆಕ್ಕೆಗೂ ಈ ಮೂರೂ ವಿಚಾರ ಅನ್ವಯಿಸುತ್ತವೆ: ಬಟ್ಟೆಯ ಬಲ, ಲೇಪದ ಗುಣ, ಬಿಸಿಲು.

ನಿಮ್ಮ ರೆಕ್ಕೆಯ ಮೇಲೆ ಇರುವುದೇನು?

ಶುಚಿ ಮಾಡುವ ಮೊದಲು ಇದು ತಿಳಿದಿರಬೇಕು. ಒಂದಕ್ಕೆ ಒಗ್ಗುವ ದ್ರಾವಣ ಇನ್ನೊಂದನ್ನು ಕರಗಿಸಿಬಿಡುತ್ತದೆ.

ತೆಳು ಟಿಶ್ಯೂ ಕಾಗದ, ರೇಷ್ಮೆ, ನೈಲಾನ್ ಇವುಗಳ ಮೇಲೆ ಡೋಪ್ ಎಂಬ ಲೇಪ ಬಳಿದು ಬಿಗಿ ಮಾಡುವುದು ಹಳೆಯ ಕ್ರಮ. ಡೋಪ್‌ನಲ್ಲಿ ಎರಡು ಬಗೆ, ನೈಟ್ರೇಟ್ ಮತ್ತು ಬ್ಯುಟಿರೇಟ್. ನೈಟ್ರೇಟ್ ಚೆನ್ನಾಗಿ ಅಂಟುತ್ತದೆ, ಆದರೆ ಗ್ಲೋ ಎಂಜಿನ್ನಿನ ಇಂಧನದಲ್ಲಿರುವ ಮೆಥನಾಲ್ ಸೋಕಿದರೆ ಕರಗಿ ಅಂಟಂಟಾಗುತ್ತದೆ. ಬ್ಯುಟಿರೇಟ್ ಆ ಇಂಧನವನ್ನು ತಡೆದುಕೊಳ್ಳುತ್ತದೆ. ನೈಟ್ರೇಟ್ ಮೇಲೆ ಬ್ಯುಟಿರೇಟ್ ಬಳಿಯಬಹುದು, ಬ್ಯುಟಿರೇಟ್ ಮೇಲೆ ನೈಟ್ರೇಟ್ ಬಳಿಯಬಾರದು. ನಮ್ಮ ಕಡೆ ಡೋಪ್ ಸಿಗದೆ ಮರಕ್ಕೆ ಹೊಡೆಯುವ ಎನ್‌ಸಿ ಲ್ಯಾಕರ್ ಬಳಸಿದ್ದರೆ ಅದನ್ನೂ ನೈಟ್ರೇಟ್ ಎಂದೇ ಲೆಕ್ಕಕ್ಕೆ ಹಿಡಿಯಿರಿ, ಎನ್‌ಸಿ ಎಂದರೆ ನೈಟ್ರೋಸೆಲ್ಯುಲೋಸ್.

ಈಚಿನದು ಪಾಲಿಯೆಸ್ಟರ್ ಬಟ್ಟೆ. ಹಿಂಬದಿಯಲ್ಲಿ ಅಂಟು ಇದ್ದು, ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಮೊದಲು ಅಂಟಿಕೊಂಡು, ಇನ್ನೂ ಹೆಚ್ಚಿನ ಬಿಸಿಗೆ ಕುಗ್ಗಿ ಬಿಗಿಯಾಗುತ್ತದೆ. ನೋಡಲು ನಿಜವಾದ ವಿಮಾನದ ಬಟ್ಟೆಯಂತೆಯೇ ಇರುತ್ತದೆ, ನೇಯ್ಗೆ ಕಾಣುತ್ತದೆ. ತೊಂದರೆಯೂ ಆ ನೇಯ್ಗೆಯಲ್ಲೇ ಇದೆ. ನುಣುಪಾದ ಪ್ಲಾಸ್ಟಿಕ್ ಫಿಲ್ಮ್ ಮೇಲೆ ದೂಳು ನಿಲ್ಲುವುದಿಲ್ಲ, ಬಟ್ಟೆಯ ಸಂದಿಯಲ್ಲಿ ನಿಲ್ಲುತ್ತದೆ. ಹೊದಿಸಿದ ವಾರದೊಳಗೆ, ಒಂದು ಸಲವೂ ಹಾರಿಸುವ ಮೊದಲೇ, ಇದರ ಮೇಲೆ ಪಾರದರ್ಶಕ ಲೇಪ ಕೊಟ್ಟುಬಿಡುವುದು ಒಳ್ಳೆಯದು. ನೀರಿನಲ್ಲಿ ಬೆರೆಯುವ ಪಾಲಿಯುರೆಥೇನ್ ಕ್ಲಿಯರ್ ಪೇಂಟ್ ಅಂಗಡಿಗಳಲ್ಲಿ ಸಿಗುತ್ತದೆ, ಎಲೆಕ್ಟ್ರಿಕ್ ಮೋಟಾರಿನ ವಿಮಾನಕ್ಕೆ ಅದು ಸಾಕು. ಗ್ಲೋ ಎಂಜಿನ್ ಇದ್ದರೆ ಹಾರ್ಡ್‌ನರ್ ಬೆರೆಸುವ ಬಗೆಯದೇ ಬೇಕು. ಅದನ್ನು ಸ್ಪ್ರೇ ಮಾಡುವಾಗ ಏಳುವ ಮಂಜು ಶ್ವಾಸಕೋಶಕ್ಕೆ ಕೆಟ್ಟದ್ದು. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ತಕ್ಕ ಮಾಸ್ಕ್ ಹಾಕಿಕೊಂಡು ಬಯಲಿನಲ್ಲೇ ಮಾಡಿ. ಲೇಪ ಯಾವುದೇ ಇರಲಿ, ತೆಳುವಾಗಿ ಎರಡು ಕೈ. ದಪ್ಪಗೆ ಬಳಿದರೆ ತೂಕವೂ ಏರುತ್ತದೆ, ಬಟ್ಟೆ ಬಾಗಿದಾಗ ಬಿರುಕೂ ಬಿಡುತ್ತದೆ.

ರೇಷ್ಮೆಯ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಹಿಪ್ಪುನೇರಳೆ ಬೆಳೆದು, ಗೂಡು ಕಟ್ಟಿಸಿ, ನೂಲು ತೆಗೆದ ಜಿಲ್ಲೆ ನಮ್ಮ ಚಾಮರಾಜನಗರ. ಕೊಳ್ಳೇಗಾಲದ ರೇಷ್ಮೆಯ ಹೆಸರು ಎಲ್ಲರಿಗೂ ಗೊತ್ತು. ಏರೋಮಾಡೆಲಿಂಗ್‌ನಲ್ಲಿಯೂ ತೂಕಕ್ಕೆ ತಕ್ಕ ಬಲದ ವಿಷಯದಲ್ಲಿ ರೇಷ್ಮೆ ಬಹುಕಾಲ ಮೇಲುಗೈ ಪಡೆದಿತ್ತು, ನನ್ನ ಮಟ್ಟಿಗೆ ಡೋಪ್ ಬಳಿದ ರೇಷ್ಮೆಯಷ್ಟು ಚೆಂದದ ಹೊದಿಕೆ ಇನ್ನೊಂದಿಲ್ಲ. ಬೆಳಕಿಗೆ ಹಿಡಿದರೆ ಒಳಗಿನ ಒಂದೊಂದು ಪಕ್ಕೆಯೂ ಕಾಣುತ್ತದೆ. ಆದರೆ ಸೀರೆಯ ರೇಷ್ಮೆ ಇದಕ್ಕೆ ಭಾರ. 5 ಮೊಮ್ಮೆ ತೂಕದ, ಅಂದರೆ ಚದರ ಮೀಟರಿಗೆ ಸುಮಾರು 22 ಗ್ರಾಂ ಇರುವ ತೆಳು ರೇಷ್ಮೆ ಬೇಕು. ಅದಕ್ಕೆ ಇಬ್ಬರು ಶತ್ರುಗಳು: ಬಿಸಿಲು ಮತ್ತು ಕ್ಷಾರ. ಬಿಸಿಲಿಗೆ ರೇಷ್ಮೆ ಹಳದಿಯಾಗಿ ಪೆಡಸಾಗುತ್ತದೆ. ಬಟ್ಟೆ ಸೋಪು, ವಾಷಿಂಗ್ ಸೋಡ ಅದರ ದಾರವನ್ನು ತಿನ್ನುತ್ತವೆ. ಅಜ್ಜಿಯರು ರೇಷ್ಮೆ ಸೀರೆಗೆ ಬಳಸುತ್ತಿದ್ದ ಅಂಟುವಾಳ ಕಾಯಿಯ ನೀರು, ಚೆನ್ನಾಗಿ ಸೋಸಿ ತಿಳಿ ಮಾಡಿದ್ದು, ಮಾದರಿ ವಿಮಾನದ ರೇಷ್ಮೆಗೂ ನಡೆಯುತ್ತದೆ. ಡೋಪ್ ಬಿರುಕು ಬಿಟ್ಟ ಹಳೆಯ ರೆಕ್ಕೆಗೆ ಅದೇ ಮೇಲು.

ತೊಳೆಯುವ ಕ್ರಮ

ಮೃದು ಕೂದಲಿನ ಎರಡಂಗುಲ ಪೇಂಟ್ ಬ್ರಷ್ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಮಾತ್ರ ಎಳೆಯಿರಿ, ಹಿಂದಕ್ಕೂ ಮುಂದಕ್ಕೂ ಉಜ್ಜಬೇಡಿ. ಹೊದಿಕೆಯ ಜೋಡಣೆಗಳ ತೆರೆದ ಅಂಚು ಸಾಮಾನ್ಯವಾಗಿ ಹಿಂದಕ್ಕೆ ಮುಖ ಮಾಡಿರುತ್ತದೆ, ಎದುರು ದಿಕ್ಕಿಗೆ ಎಳೆದರೆ ಅಂಚು ಏಳುತ್ತದೆ. ಎಲಿವೇಟರ್, ರಡ್ಡರ್, ಏಲೆರಾನ್‌ಗಳ ಹಿಂಜ್ ಸಂದಿಯಲ್ಲಿ ದೂಳು ಗಟ್ಟಿಯಾಗಿ ಕೂತಿರುತ್ತದೆ, ಅಲ್ಲಿಗೆ ಕ್ಯಾಮೆರಾದವರು ಬಳಸುವ ರಬ್ಬರ್ ಗಾಳಿಗುಬ್ಬಿ ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸಬೇಡಿ. ಆ ರಭಸಕ್ಕೆ ಹರಳು ಬಟ್ಟೆಯೊಳಗೆ ಇನ್ನಷ್ಟು ನೆಡುತ್ತದೆ.

ಆಮೇಲೆ ನೀರು. ಈ ಭಾಗದ ಬೋರ್‌ವೆಲ್ ನೀರು ಹಲವೆಡೆ ಗಡಸು, ಒಣಗಿದಾಗ ಬಿಳಿ ಕಲೆ ಬಿಡುತ್ತದೆ, ಗಾಢ ಬಣ್ಣದ ರೆಕ್ಕೆಯ ಮೇಲೆ ಅದು ಎದ್ದು ಕಾಣುತ್ತದೆ. ಆರ್‌ಓ ನೀರು ಅಥವಾ ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ದ್ರವ ಮೂರು ನಾಲ್ಕು ಹನಿ, ಅಷ್ಟೇ. ಮೈಕ್ರೋಫೈಬರ್ ಬಟ್ಟೆಯನ್ನು ಅದ್ದಿ, ಹನಿ ತೊಟ್ಟಿಕ್ಕದಷ್ಟು ಹಿಂಡಿ, ಪಕ್ಕೆಗಳ ನಡುವಿನ ಪೊಳ್ಳು ಜಾಗದಲ್ಲಿ ಒತ್ತಡ ಹಾಕದೆ ಒರೆಸಿ. ಮತ್ತೊಂದು ಬಟ್ಟೆಯಿಂದ ಬರೀ ನೀರಿನಲ್ಲಿ ಸೋಪಿನಂಶ ತೆಗೆಯಿರಿ. ಮೂರನೆಯದರಿಂದ ಒಣಗಿಸಿ. ರೆಕ್ಕೆಯನ್ನು ನಲ್ಲಿಯ ಕೆಳಗೆ ಹಿಡಿಯುವುದು, ಪೈಪಿನಿಂದ ನೀರು ಬಿಡುವುದು ಬೇಡವೇ ಬೇಡ. ಹಿಂಜ್ ಸಂದಿಯಿಂದ, ಸರ್ವೋ ತಂತಿಯ ತೂತಿನಿಂದ ಒಳಗೆ ಹೋದ ನೀರು ಬಾಲ್ಸಾವನ್ನು ಉಬ್ಬಿಸುತ್ತದೆ, ಒಣಗುವಾಗ ರೆಕ್ಕೆ ಸೊಟ್ಟಗಾಗುತ್ತದೆ. ಡೋಪ್ ಕಾಣದ ಅಥವಾ ತೆಳುವಾಗಿ ಕಂಡ ಟಿಶ್ಯೂ ಕಾಗದದ ರೆಕ್ಕೆಗೆ ನೀರನ್ನೇ ತೋರಿಸಬೇಡಿ, ಬ್ರಷ್‌ನಲ್ಲಿಯೇ ಮುಗಿಸಿ.

ಒಣಗಿಸುವುದು ನೆರಳಿನಲ್ಲಿ, ಓರೆಯಾಗಿ ನಿಲ್ಲಿಸಿ, ಎರಡೂ ಮುಖಕ್ಕೆ ಗಾಳಿಯಾಡುವಂತೆ. ಒಂದೇ ಮುಖಕ್ಕೆ ಬಿಸಿಲು ಬಿದ್ದರೆ ಆ ಮುಖ ಹೆಚ್ಚು ಬಿಗಿದು ರೆಕ್ಕೆ ತಿರುಚಿಕೊಳ್ಳುತ್ತದೆ. ಒಣಗಿದ ಮೇಲೆ ಹಿಂದಿನಿಂದ ಕಣ್ಣಿಟ್ಟು ನೋಡಿ ಎರಡೂ ರೆಕ್ಕೆ ಒಂದೇ ಸಮ ಇವೆಯೇ ಎಂದು ಖಚಿತ ಮಾಡಿಕೊಳ್ಳಿ.

ಹರಳೆಣ್ಣೆಯ ಕಾಟ

ಗ್ಲೋ ಎಂಜಿನ್ನಿನ ಇಂಧನದಲ್ಲಿ ಮೆಥನಾಲ್ ಜೊತೆಗೆ ಐದನೇ ಒಂದು ಪಾಲಿನಷ್ಟು ಎಣ್ಣೆ ಇರುತ್ತದೆ. ಅದು ಹರಳೆಣ್ಣೆ, ಸಿಂಥೆಟಿಕ್ ಅಥವಾ ಎರಡರ ಬೆರಕೆ. ಉರಿಯುವುದು ಮೆಥನಾಲ್. ಎಣ್ಣೆಯ ಬಹುಪಾಲು ಸೈಲೆನ್ಸರ್ ಬಾಯಿಂದ ಹಾಗೇ ಹೊರಬಂದು ರೆಕ್ಕೆ, ಹೊಟ್ಟೆ, ಬಾಲಕ್ಕೆಲ್ಲ ಮೆತ್ತುತ್ತದೆ. ಎಂಜಿನ್ನನ್ನು ಕಾಪಾಡುವುದರಲ್ಲಿ ಹರಳೆಣ್ಣೆಗೆ ಸಾಟಿಯಿಲ್ಲ, ನೈಟ್ರೇಟ್ ಡೋಪ್ ಪೆಡಸಾಗದಿರಲೆಂದು ಅದಕ್ಕೂ ಕೆಲವು ಹನಿ ಬೆರೆಸುವವರಿದ್ದಾರೆ. ಆದರೆ ಬಟ್ಟೆಯ ಮೇಲೆ ಬಿಟ್ಟ ಹರಳೆಣ್ಣೆ ಗಾಳಿಗೆ ಗಟ್ಟಿಯಾಗುತ್ತಾ ಕಂದು ಬಣ್ಣದ ವಾರ್ನಿಷ್ ಆಗುತ್ತದೆ. ಆ ದಿನವೇ ಐದು ನಿಮಿಷದಲ್ಲಿ ಹೋಗುವುದು ಒಂದು ತಿಂಗಳು ಬಿಟ್ಟರೆ ಹೋಗುವುದೇ ಇಲ್ಲ.

ಮೈದಾನದಲ್ಲೇ, ವಿಮಾನ ಬಿಚ್ಚುವ ಮೊದಲು, ಒಣ ಟಿಶ್ಯೂ ಅಥವಾ ಹಳೆಯ ಬನಿಯನ್ ಬಟ್ಟೆಯಿಂದ ಎಣ್ಣೆಯನ್ನು ಒತ್ತಿ ಹೀರಿಸಿ. ಉಜ್ಜಬೇಡಿ, ಒತ್ತಿ. ಮೇಲೆ ದೂಳು ಕೂತಿದ್ದರೆ ಎಣ್ಣೆಯೊಡನೆ ಅದೂ ಹೋಗುತ್ತದೆ. ಮನೆಗೆ ಬಂದು ಸೋಪಿನ ನೀರಿನಲ್ಲಿ ಒರೆಸಿ. ಹಳೆಯ ಗಟ್ಟಿ ಕಲೆಗೆ ಬೆಚ್ಚಗಿನ ಸೋಪು ನೀರಲ್ಲಿ ಅದ್ದಿದ ಬಟ್ಟೆಯನ್ನು ಕೆಲವು ನಿಮಿಷ ಹಾಗೆಯೇ ಇಟ್ಟು ಎತ್ತಿ, ಮತ್ತೆ ಇಟ್ಟು ಎತ್ತಿ. ತಾಳ್ಮೆ ಬೇಡುವ ಕೆಲಸ. ಅವಸರಕ್ಕೆ ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಹಚ್ಚಿದರೆ ಕಲೆಯ ಜೊತೆ ಲೇಪವೂ ಬರುತ್ತದೆ. ಬಂಕಿನ ಪೆಟ್ರೋಲ್ ಬೇಡ, ಹ್ಯಾಂಡ್ ಸ್ಯಾನಿಟೈಸರ್ ಬೇಡ. ಔಷಧಿ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲ್ ಸಮನಾಗಿ ನೀರು ಬೆರೆಸಿದ್ದು ಪಾಲಿಯೆಸ್ಟರ್ ಬಟ್ಟೆಯ ಪಾಲಿಯುರೆಥೇನ್ ಲೇಪಕ್ಕೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ನೈಟ್ರೇಟ್ ಡೋಪ್ ಅನ್ನು ಮೆದುಗೊಳಿಸಬಹುದು. ರೆಕ್ಕೆಯ ಕೆಳಗಿನ ಮೂಲೆಯಲ್ಲಿ ಒಂದು ಚುಕ್ಕೆ ಹಚ್ಚಿ ನೋಡದೆ ಯಾವುದನ್ನೂ ಮುಂದುವರಿಸಬೇಡಿ.

ಹರಿದ ಬಾಯಿಯಿಂದ ಎಣ್ಣೆ ಮರದೊಳಕ್ಕೇ ಇಳಿದಿದ್ದರೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಅಥವಾ ಮುಸುಕಿನ ಜೋಳದ ನುಣುಪು ಹಿಟ್ಟನ್ನು ದಪ್ಪಗೆ ಹರಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದು ಎಣ್ಣೆ ಹೀರಿ ಕಪ್ಪಾಗಿರುತ್ತದೆ. ಬ್ರಷ್‌ನಲ್ಲಿ ತೆಗೆದು ಮತ್ತೊಮ್ಮೆ ಹಾಕಿ, ಪುಡಿ ಒಣಗಿಯೇ ಉಳಿಯುವ ತನಕ.

ಇದಕ್ಕಿಂತ ಸುಲಭದ ದಾರಿ ಎಣ್ಣೆ ಬೀಳದಂತೆ ಮಾಡುವುದು. ಸೈಲೆನ್ಸರ್ ಬಾಯಿಗೆ ಸಿಲಿಕೋನ್ ಕೊಳವೆಯ ತುಂಡು ಸಿಕ್ಕಿಸಿ ಹೊಗೆಯನ್ನು ಕೆಳಕ್ಕೆ, ಹೊರಕ್ಕೆ ತಿರುಗಿಸಿದರೆ ಅರ್ಧದಷ್ಟು ತೊಂದರೆ ಕಡಿಮೆ. ಎಂಜಿನ್ ಕೂರುವ ಪ್ಲೈವುಡ್ ತಟ್ಟೆ, ಇಂಧನದ ಟ್ಯಾಂಕ್ ಇರುವ ಗೂಡು, ರೆಕ್ಕೆ ಕೂರುವ ಜಾಗದ ಅಂಚುಗಳಿಗೆ ತೆಳು ಎಪಾಕ್ಸಿ ಬಳಿದಿರಬೇಕು. ಹೊದಿಕೆ ಬಿಟ್ಟುಕೊಳ್ಳುವುದು ಯಾವಾಗಲೂ ಈ ಅಂಚುಗಳಿಂದಲೇ.

ಈ ಸೀಮೆಯದೇ ಕಲೆಗಳು

ಗುಂಡ್ಲುಪೇಟೆ ಮತ್ತು ಚಾಮರಾಜನಗರದ ಹೊಲಗಳಲ್ಲಿ ಅರಿಸಿನ, ಬಾಳೆ, ಚೆಂಡುಹೂವು, ಸೂರ್ಯಕಾಂತಿ ಇವೆ. ಗಾಳಿಗೆ ತೇಲಿದ ವಿಮಾನ ಎಲ್ಲಿ ಬೇಕಾದರೂ ಬೀಳಬಹುದು. ಕಂಪನಿಗಳ ಕೈಪಿಡಿಗಳಲ್ಲಿ ಈ ಕಲೆಗಳ ಮಾತು ಇರುವುದಿಲ್ಲ.

ಅರಿಸಿನಕ್ಕೆ ಸೋಪು ಹಾಕಿದರೆ ಕೆಂಪಾಗುತ್ತದೆ ಎಂಬುದು ಅಡುಗೆಮನೆಯಲ್ಲಿ ಎಲ್ಲರೂ ಕಂಡದ್ದೇ, ಕ್ಷಾರ ತಾಗಿದರೆ ಅದರ ಬಣ್ಣದ ಗುಣ ಅದು. ಗಾಬರಿಯಾಗಿ ಮತ್ತಷ್ಟು ಸೋಪು ಉಜ್ಜುವುದು ಬೇಡ. ಒಣ ಪುಡಿಯನ್ನು ಬ್ರಷ್‌ನಲ್ಲಿ ತೆಗೆದು, ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಚುಕ್ಕೆ ಚುಕ್ಕೆಯಾಗಿ ಒತ್ತಿ ತೆಗೆಯಿರಿ. ಉಳಿದ ಹಳದಿ ಬೆಳಕಿಗೆ ತಾನಾಗಿ ಮಾಸುತ್ತದೆ. ಪಾಲಿಯೆಸ್ಟರ್ ಬಟ್ಟೆಯಾದರೆ ಬೆಳಗಿನ ಎಳೆ ಬಿಸಿಲಿಗೆ ಸ್ವಲ್ಪ ಹೊತ್ತು ಹಿಡಿಯಬಹುದು. ರೇಷ್ಮೆಯನ್ನು ಹಿಡಿಯಬಾರದು, ಕಲೆ ಹೋಗುವ ಮೊದಲು ಬಟ್ಟೆ ಹೋಗುತ್ತದೆ. ಚೆಂಡುಹೂವಿನ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಅದಕ್ಕೂ ಇದೇ ಉಪಚಾರ. ಸೂರ್ಯಕಾಂತಿಯ ಪರಾಗ ಮೆತ್ತಿದ್ದರೆ ಒದ್ದೆ ಮಾಡದೆ, ಅಂಟು ಟೇಪನ್ನು ಹಗುರವಾಗಿ ಮುಟ್ಟಿಸಿ ಎತ್ತಿ. ಟಿಶ್ಯೂ ಕಾಗದದ ಮೇಲೆ ಟೇಪ್ ಬೇಡ, ಕಾಗದವೇ ಕಿತ್ತು ಬರುತ್ತದೆ.

ಬಾಳೆಯ ಕರೆ ಎಲ್ಲಕ್ಕಿಂತ ಕೆಟ್ಟದ್ದು. ಹಸಿಯಿದ್ದಾಗ ನೀರಿನಂತೆ ಕಾಣುತ್ತದೆ, ಗಾಳಿಗೆ ಕಪ್ಪಾದ ಮೇಲೆ ಯಾವುದಕ್ಕೂ ಬಗ್ಗುವುದಿಲ್ಲ. ತೋಟದಿಂದ ವಿಮಾನ ಎತ್ತಿಕೊಂಡ ಕೂಡಲೇ, ಅಲ್ಲಿಯೇ, ಕುಡಿಯುವ ನೀರಿನ ಬಾಟಲಿಯಿಂದ ಬಟ್ಟೆ ಒದ್ದೆ ಮಾಡಿ ಒರೆಸಿ. ಕಪ್ಪಾಗಿಬಿಟ್ಟಿದ್ದರೆ ಉಜ್ಜಿ ಲೇಪ ಕೆಡಿಸಿಕೊಳ್ಳುವ ಬದಲು ಆ ಜಾಗಕ್ಕೆ ಬಣ್ಣದ ಪಟ್ಟಿ ಬಳಿದು ಮರೆಮಾಡಿ.

ಮುಳ್ಳು ಚುಚ್ಚಿದ ತೂತು, ಹರುಕು

ಜಾಲಿ ಮುಳ್ಳು, ನೆಗ್ಗಿಲು ಮುಳ್ಳು ಇಲ್ಲದ ಬಯಲು ನಮ್ಮಲ್ಲಿ ಕಡಿಮೆ. ಸೂಜಿಮೊನೆಯಷ್ಟು ತೂತಿಗೆ ಒಂದು ಹನಿ ಡೋಪ್ ಅಥವಾ ಒಣಗಿದರೆ ಪಾರದರ್ಶಕವಾಗುವ ಬಿಳಿ ಗೋಂದು ಸಾಕು. ಅದಕ್ಕಿಂತ ದೊಡ್ಡದಾದರೆ ತೇಪೆ. ತೇಪೆ ಹರುಕಿನ ಎಲ್ಲಾ ಕಡೆ ಒಂದು ಸೆಂಟಿಮೀಟರ್ ಆದರೂ ಆಚೆ ಹೋಗಬೇಕು, ಮೂಲೆಗಳು ದುಂಡಗಿರಬೇಕು. ಚೂಪು ಮೂಲೆಯೇ ಮೊದಲು ಏಳುವುದು. ಸುತ್ತಲಿನ ಎಣ್ಣೆಯ ಪಸೆಯನ್ನು ಸಿಗರೇಟು ಲೈಟರಿಗೆ ತುಂಬುವ ಪೆಟ್ರೋಲ್‌ನಲ್ಲಿ ಒರೆಸಿ ತೆಗೆದು, ಅದು ಪೂರ್ತಿ ಆರಿದ ಮೇಲಷ್ಟೇ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ. ಎರಡೂ ಒಟ್ಟಿಗೆ ಇದ್ದರೆ ಬೆಂಕಿ. ಪಾಲಿಯೆಸ್ಟರ್ ಬಟ್ಟೆಯ ತೇಪೆಯನ್ನು ಅಂಟು ಹಿಡಿಯುವಷ್ಟೇ ಬಿಸಿಯಲ್ಲಿ ಕೂರಿಸಿ, ಕುಗ್ಗಿಸುವ ಬಿಸಿ ಕೊಟ್ಟರೆ ತೇಪೆ ಸುರುಟಿ ಸುತ್ತಲಿನ ಬಟ್ಟೆಯನ್ನೂ ಎಳೆಯುತ್ತದೆ. ರೇಷ್ಮೆಗೆ ರೇಷ್ಮೆಯದೇ ತೇಪೆ: ಹಳೆಯ ಡೋಪ್ ಅನ್ನು ನುಣುಪು ಮರಳು ಕಾಗದದಲ್ಲಿ ಸವರಿ, ತೆಳು ಡೋಪ್‌ನಲ್ಲಿ ಅಂಟಿಸಿ. ಮೊದಲೇ ಕಾರಿಗೆ ಹಚ್ಚುವ ವ್ಯಾಕ್ಸ್ ಬಳಿದಿದ್ದರೆ, ಅದರಲ್ಲೂ ಸಿಲಿಕೋನ್ ಇರುವಂಥದ್ದು, ಯಾವ ತೇಪೆಯೂ ನಿಲ್ಲುವುದಿಲ್ಲ. ನೇಯ್ಗೆಯ ಸಂದಿ ತುಂಬದ ಬಟ್ಟೆಗೆ ವ್ಯಾಕ್ಸ್ ಬಳಿದರೆ ಬಿಳಿ ಪುಡಿ ಸಿಕ್ಕಿಕೊಂಡು ಇನ್ನೊಂದು ಕೊಳೆಯಾಗುತ್ತದೆ. ನಾನು ಬಟ್ಟೆ ಹೊದಿಕೆಗೆ ವ್ಯಾಕ್ಸ್ ಸಲಹೆ ಮಾಡುವುದಿಲ್ಲ.

ಡೋಪ್ ಕೆಲಸಕ್ಕೆ ದಿನ ನೋಡಬೇಕು. ಮಳೆಯ ತೇವವಿರುವಾಗ ಬಳಿದರೆ ಥಿನ್ನರ್ ಆರುವ ತಂಪಿಗೆ ಗಾಳಿಯ ನೀರಾವಿ ಮೇಲ್ಮೈಯಲ್ಲಿ ಹನಿಗೂಡಿ ಡೋಪ್ ಬೆಳ್ಳಗೆ ಮಂಕಾಗುತ್ತದೆ. ಹಾಗಾದರೆ ಒಣ ದಿನ ಬರುವವರೆಗೆ ಕಾಯಿರಿ, ಬರೀ ಥಿನ್ನರ್ ಅನ್ನು ತೆಳುವಾಗಿ ಒಂದು ಕೈ ಬಳಿದರೆ ಸಾಮಾನ್ಯವಾಗಿ ತಿಳಿಯಾಗುತ್ತದೆ. ಕಿಟಕಿ ಬಾಗಿಲು ತೆರೆದಿರಲಿ, ಒಲೆ, ದೇವರ ದೀಪ ಹತ್ತಿರ ಇರದಿರಲಿ.

ಇಡುವುದು, ಸಾಗಿಸುವುದು

ಹೆಚ್ಚಿನ ಹೊದಿಕೆಗಳು ಹಾಳಾಗುವುದು ಹಾರಾಟದಲ್ಲಲ್ಲ, ಇಟ್ಟ ಕಡೆ. ಹೆಂಚು ಅಥವಾ ಶೀಟಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕುದಿಯುತ್ತದೆ, ಅಲ್ಲಿ ಇಲಿ, ಜಿರಲೆ, ಹಲ್ಲಿಯ ಹಿಕ್ಕೆ ಎಲ್ಲವೂ ಉಂಟು. ಪುಸ್ತಕ ತಿನ್ನುವ ಬೆಳ್ಳಿಬಣ್ಣದ ಹುಳು ಟಿಶ್ಯೂ ಕಾಗದವನ್ನೂ ಗಂಜಿ ಅಂಟನ್ನೂ ಬಿಡುವುದಿಲ್ಲ. ಒಳಕೋಣೆಯ ಗೋಡೆಗೆ ಅಗಲ ಬಟ್ಟೆಪಟ್ಟಿಯ ಎರಡು ಕುಣಿಕೆ ಹಾಕಿ ರೆಕ್ಕೆಯನ್ನು ತೂಗುಹಾಕಿ. ಹಳೆಯ ಹತ್ತಿ ಸೀರೆಯಿಂದ ಚೀಲ ಹೊಲಿಸಿ ತೊಡಿಸಿ. ಪ್ಲಾಸ್ಟಿಕ್ ಚೀಲ ತೇವ ಹಿಡಿದಿಟ್ಟು ಬೂಸ್ಟು ಬರಿಸುತ್ತದೆ. ನುಸಿ ಗುಳಿಗೆ ಥರ್ಮೋಕೋಲ್ ಭಾಗಗಳನ್ನು ಮೆದು ಮಾಡುತ್ತದೆ, ಅದರ ಬದಲು ರೇಷ್ಮೆ ಸೀರೆಗೆ ಇಡುವಂತೆ ಒಣಗಿದ ಬೇವಿನ ಎಲೆ, ಬಜೆ ಸಾಕು.

ಗಾಜು ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಗಾಢ ಬಣ್ಣದ ರೆಕ್ಕೆಯ ಮೇಲ್ಮೈ ಕೈ ಸುಡುವಷ್ಟು ಕಾಯುತ್ತದೆ. ಅಂಟು ಮೆದುವಾಗಿ ಹೊದಿಕೆ ಸಡಿಲಗೊಳ್ಳುವುದು ಆಗಲೇ. ಬಿಳಿ ಪಂಚೆ ಹೊದಿಸಿ, ಗಾಜು ಸ್ವಲ್ಪ ಇಳಿಸಿ, ನೆರಳಿನಲ್ಲಿ ನಿಲ್ಲಿಸಿ. ಮೈದಾನದಲ್ಲಿಯೂ ಸರದಿ ಕಾಯುವ ವಿಮಾನಕ್ಕೆ ನೆರಳು ಬೇಕು. ಪಾಲಿಯೆಸ್ಟರ್ ಬಟ್ಟೆಯಲ್ಲಿ ಸುಕ್ಕು ಬಂದಿದ್ದರೆ ಇಸ್ತ್ರಿ ಪೆಟ್ಟಿಗೆಯನ್ನು ಕಡಿಮೆ ಬಿಸಿಯಿಂದ ಆರಂಭಿಸಿ, ಒಂದು ಮೇಲೆ, ಒಂದು ಕೆಳಗೆ ಎಂದು ಸರದಿಯಂತೆ ಎಳೆಯಿರಿ, ಇಲ್ಲವಾದರೆ ರೆಕ್ಕೆ ಬಿಸಿ ತಾಗಿದ ಕಡೆಗೆ ತಿರುಚುತ್ತದೆ.

ಈ ಸೀಮೆಯಲ್ಲಿ ಆಷಾಢದ ಗಾಳಿ ಜೋರು, ಆ ದಿನಗಳನ್ನು ರಿಪೇರಿಗೆ ಇಟ್ಟುಕೊಳ್ಳಬಹುದು, ಡೋಪ್ ಕೆಲಸವನ್ನು ಮಾತ್ರ ಒಣ ದಿನಕ್ಕೆ ಬಿಡಿ. ಚಳಿಗಾಲದ ಬೆಳಗುಗಳಲ್ಲಿ ಗಾಳಿ ಶಾಂತ, ಆದರೆ ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ. ಅದು ಆರುವವರೆಗೆ ರೆಕ್ಕೆಯನ್ನು ನೆಲಕ್ಕೆ ಇಡದೆ ಚಾಪೆಯ ಮೇಲಿಡಿ. ಬಂಡೀಪುರದ ಕಾಡಂಚು, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆ ರೇಡಿಯೋ ನಿಯಂತ್ರಿತ ವಿಮಾನ ಒಯ್ಯಬೇಡಿ. ಅದು ಹುಲಿ ಸಂರಕ್ಷಿತ ಪ್ರದೇಶ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಬೇರೆಡೆ ಹಾರಿಸುವ ಮೊದಲೂ 2021ರ ಡ್ರೋನ್ ನಿಯಮಗಳ ಪ್ರಕಾರ ನಿಮ್ಮ ಜಾಗ ಯಾವ ವಲಯದಲ್ಲಿದೆ ಎಂದು ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೋಡಿಕೊಳ್ಳಿ.

ಎನ್‌ಸಿಸಿ ವಾಯು ವಿಭಾಗದ ಮಕ್ಕಳು, ಎಂಜಿನಿಯರಿಂಗ್ ಕಾಲೇಜಿನ ತಂಡಗಳು ಒಂದೇ ವಿಮಾನವನ್ನು ಹಲವು ಕೈಗಳಲ್ಲಿ ಬಳಸುತ್ತವೆ. ಅಂಥ ಕಡೆ ರೆಕ್ಕೆಯ ಚೀಲದೊಳಗೆ ಒಂದು ಚೀಟಿ ಇರಲಿ: ಹೊದಿಕೆ ಯಾವುದು, ಡೋಪ್ ಅಥವಾ ಲೇಪ ಯಾವುದು, ಯಾವ ದ್ರಾವಣ ಹಚ್ಚಬಹುದು, ಯಾವುದನ್ನು ಹಚ್ಚಬಾರದು, ಕಡೆಯ ತೇಪೆ ಹಾಕಿದ್ದು ಎಂದು, ಎಲ್ಲಿ. ಹಳೆಯ ರೇಷ್ಮೆ ರೆಕ್ಕೆಯಾದರೆ ಪ್ರತಿ ಹಂಗಾಮಿನ ಆರಂಭದಲ್ಲಿ ಎರಡು ಪಕ್ಕೆಗಳ ನಡುವೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಅಷ್ಟಕ್ಕೇ ಬಿರಿದರೆ ತೇಪೆಯ ಕಾಲ ಮುಗಿದಿದೆ, ಪೂರ್ತಿ ಬಿಚ್ಚಿ ಹೊಸದಾಗಿ ಹೊದಿಸಬೇಕು.